ನೇರ ಅಂಚಿನ ಪಾಠ

ನಿವೃತ್ತಿಯಾದ ಮೇಲೆ ಮನುಷ್ಯನ ಬಾಯಿಗೆ ವಿಶ್ರಾಂತಿ ದೊರೆಯಬೇಕು, ಕೈಗೆ ಕೆಲಸ ದೊರೆಯಬೇಕು. ಇದನ್ನು ನಾನು ಅರಿತುಕೊಂಡದ್ದು ಸ್ವಲ್ಪ ತಡವಾಗಿ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಗಣಿತ ಹೇಳಿದ ನಾಲಗೆ ಮನೆಯಲ್ಲಿಯೂ ಸುಮ್ಮನಿರಲಿಲ್ಲ. ಕೊನೆಗೆ ನನ್ನ ಹೆಂಡತಿಯೇ, “ನಿಮ್ಮ ಪಾಠ ಕೇಳುವುದಕ್ಕೆ ನಾನೇನು ಒಂಬತ್ತನೆಯ ಕ್ಲಾಸಿನಲ್ಲಿ ಇದ್ದೇನೆಯೇ?” ಎಂದು ಕೇಳಿದಳು. ಅಂದಿನಿಂದ ನಾನು ಕೈಗೆ ಕೆಲಸ ಹುಡುಕಲು ತೊಡಗಿದೆ.

ಕೆಲಸ ತಾನಾಗಿಯೇ ಬಂದು ಬಿದ್ದಿತು. 2020ರ ಮಳೆಗಾಲದಲ್ಲಿ ನಮ್ಮ ಮನೆಯ ಹಿತ್ತಿಲಿನ ಹಲಸಿನ ಮರ ಬೇರುಸಹಿತ ಉರುಳಿತು. ನಮ್ಮ ತಂದೆಯವರು ನೆಟ್ಟ ಮರ. ಬೇಸಿಗೆಯ ರಜೆಯಲ್ಲಿ ನಮ್ಮಲ್ಲಿಗೆ ಬಂದು ಅದರ ತೊಳೆ ತಿಂದು, ಕೈಗೆ ಮೇಣ ಅಂಟಿಸಿಕೊಂಡು ಬೈಸಿಕೊಂಡ ಬಂಧುಗಳೆಲ್ಲರಿಗೂ ಆ ಮರದ ನೆನಪು ಇದ್ದೇ ಇರುತ್ತದೆ. ಕೊಂಬೆಗಳು ಬಚ್ಚಲೊಲೆಯ ಪಾಲಾದವು. ಬುಡದ ದಿಮ್ಮಿಯನ್ನು ಮಾತ್ರ ಸುಡಲು ಮನಸ್ಸು ಬರಲಿಲ್ಲ. ಸಾಮಿಲ್ಲಿಗೆ ಸಾಗಿಸಿ ಒಂದಂಗುಲ ದಪ್ಪದ ಹಲಗೆಗಳನ್ನಾಗಿ ಕೊಯ್ಯಿಸಿದೆ. ಗಂಟು, ಬಿರುಕು, ಹುಳುಕುಗಳನ್ನೆಲ್ಲ ಬಿಟ್ಟು ಲೆಕ್ಕ ಹಾಕಿದರೆ ಕೈಗೆ ದಕ್ಕಿದ್ದು ಐದೇ ಒಳ್ಳೆಯ ಹಲಗೆಗಳು. ಹಸಿ ಹಲಗೆಯನ್ನು ಹಾಗೆಯೇ ಕೆಲಸಕ್ಕೆ ತೆಗೆದುಕೊಂಡರೆ ಒಣಗುತ್ತ ಒಣಗುತ್ತ ಅದು ತನಗಿಷ್ಟ ಬಂದ ಕಡೆಗೆ ತಿರುಚಿಕೊಳ್ಳುತ್ತದೆ. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಒಣಗಿಸಬೇಕೆಂಬುದು ಬಡಗಿಗಳ ಸ್ಥೂಲ ಲೆಕ್ಕ. ಹಲಗೆಗಳ ನಡುವೆ ಸಣ್ಣ ರೀಪುಗಳನ್ನು ಅಡ್ಡಲಾಗಿಟ್ಟು, ಗಾಳಿ ಆಡುವಂತೆ ಒಂದರ ಮೇಲೊಂದು ಪೇರಿಸಿ, ಕೊಟ್ಟಿಗೆಯಲ್ಲಿ ಒಂದೂವರೆ ವರ್ಷ ಇಟ್ಟೆ.

ನನ್ನ ಸಂಕಲ್ಪ ದೊಡ್ಡದೇನಲ್ಲ. ಮೊಮ್ಮಗಳಿಗೆ ಓದುವ ಮೇಜೊಂದನ್ನು ಮಾಡಿಕೊಡುವುದು. ಮೂರಡಿ ಉದ್ದ, ಇಪ್ಪತ್ತು ಅಂಗುಲ ಅಗಲ. ಐದಂಗುಲ ಅಗಲದ ನಾಲ್ಕು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿದರೆ ಮೇಲ್ಭಾಗ ಸಿದ್ಧವಾಗುತ್ತದೆ. ಒಂದು ಹಲಗೆ ಹೆಚ್ಚಿಗೆ ಉಳಿಯುತ್ತದೆ. ಕಾಗದದ ಮೇಲೆ ಇದು ನಾಲ್ಕು ಆಯತಗಳ ಜೋಡಣೆ, ಐದನೆಯ ತರಗತಿಯ ಮಗುವೂ ಮಾಡಬಲ್ಲ ಕೆಲಸ.

ನಮ್ಮ ಬೀದಿಯ ಕೊನೆಯಲ್ಲಿ ಆಚಾರ್ರ ಶೆಡ್ಡು ಇದೆ. ಬಾಗಿಲು, ಕಿಟಕಿ, ಮಂಚಗಳ ಕೆಲಸ. ನನಗಿಂತ ನಾಲ್ಕೈದು ವರ್ಷ ಕಿರಿಯರು. ಏಳನೆಯ ತರಗತಿಗೆ ಶಾಲೆ ಬಿಟ್ಟು ತಂದೆಯ ಉಳಿ ಹಿಡಿದವರು. ಭಾನುವಾರಗಳಂದು ಕೆಲಸದ ಹುಡುಗರಿಗೆ ರಜೆಯಾದ್ದರಿಂದ ಅಂದು ಶೆಡ್ಡಿನಲ್ಲಿ ನನಗೊಂದು ಮೂಲೆ ಕೊಡಬಹುದೇ ಎಂದು ಕೇಳಿದೆ. “ಅದಕ್ಕೇನು ಮೇಷ್ಟ್ರೇ, ಬನ್ನಿ. ಆದ್ರೆ ಬೆರಳು ಹತ್ತೂ ಎಣಿಸ್ಕೊಂಡು ಬನ್ನಿ, ಎಣಿಸ್ಕೊಂಡೇ ಹೋಗ್ಬೇಕು” ಎಂದರು.

ಮೊದಲ ತಿಂಗಳು ಅವರು ನನ್ನನ್ನು ಯಂತ್ರದ ಹತ್ತಿರಕ್ಕೂ ಬಿಡಲಿಲ್ಲ. ಕೈಗೆ ಹತ್ತರಿ ಕೊಟ್ಟರು. ಪುಸ್ತಕದ ಕನ್ನಡದಲ್ಲಿ ಉಜ್ಜುಗೊರಡು ಎನ್ನುವುದು ಇದನ್ನೇ. ಅವರಲ್ಲಿ ಗೇಣುದ್ದದ ಹತ್ತರಿಯೂ ಇತ್ತು, ಎರಡಡಿಗೆ ಸಮೀಪದ ಉದ್ದನೆಯ ಹತ್ತರಿಯೂ ಇತ್ತು. ನಾನು ಹಗುರವಾದದ್ದನ್ನು ಎತ್ತಿಕೊಂಡೆ. ಅರ್ಧ ಗಂಟೆ ಬೆವರು ಸುರಿಸಿ ಕೀಸಿದರೂ ಅಂಚು ಅಲೆ ಅಲೆಯಾಗಿಯೇ ಉಳಿಯಿತು. ಆಗ ಅವರು ಉದ್ದನೆಯದನ್ನು ಕೊಟ್ಟು ಕಾರಣವನ್ನೂ ಹೇಳಿದರು. ಗಿಡ್ಡ ಹತ್ತರಿ ಹಳ್ಳದಲ್ಲಿ ಇಳಿಯುತ್ತದೆ, ದಿಬ್ಬದಲ್ಲಿ ಏರುತ್ತದೆ. ಅಂಚು ಹೇಗಿದೆಯೋ ಹಾಗೆಯೇ ಅದನ್ನು ಹಿಂಬಾಲಿಸುತ್ತದೆ. ಉದ್ದನೆಯ ಹತ್ತರಿ ಹಾಗಲ್ಲ. ಅದು ಎರಡು ದಿಬ್ಬಗಳ ಮೇಲೆ ಸೇತುವೆಯಂತೆ ಕುಳಿತು ದಿಬ್ಬಗಳನ್ನು ಮಾತ್ರ ಕೀಸುತ್ತದೆ. ದಿಬ್ಬ ಸವೆದು ಹಳ್ಳದ ಮಟ್ಟಕ್ಕೆ ಬಂದ ಮೇಲಷ್ಟೇ ಅಂಚಿನ ಈ ತುದಿಯಿಂದ ಆ ತುದಿಯವರೆಗೆ ತುಂಡಾಗದ ಒಂದು ಸುರುಳಿ ಹೊರಬರುತ್ತದೆ. ಆ ಅಖಂಡ ಸುರುಳಿ ಮೊದಲ ಬಾರಿ ಬಂದ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದು ತೋರಿಸಿದೆ. ಹಲಸಿನ ಎಳೆ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ ಹೆಣೆದುಕೊಂಡು ಹೋಗುವಂಥದು. ಎದುರು ಎಳೆಯಲ್ಲಿ ಹತ್ತರಿ ಓಡಿಸಿದರೆ ಮೈ ಕಿತ್ತು ಬರುತ್ತದೆ. ಅಂಥ ಮರದಲ್ಲಿ ಆ ಸುರುಳಿ ನನ್ನ ಪಾಲಿಗೆ ಪದವಿಪತ್ರವೇ ಆಗಿತ್ತು.

ಆಮೇಲೆ ಯಂತ್ರದ ಸರದಿ. ನಮ್ಮಲ್ಲಿ ಪ್ಲೇನರ್ ಮೆಷಿನ್ ಎಂದರೆ ನಡೆದುಹೋಗುತ್ತದೆ. ಇಂಗ್ಲಿಷ್ ಪುಸ್ತಕಗಳು ಅಂಚು ನೇರ ಮಾಡುವ ಈ ಯಂತ್ರವನ್ನು ಜಾಯಿಂಟರ್ ಎನ್ನುತ್ತವೆ. ನೋಡದವರಿಗಾಗಿ ಇದರ ರಚನೆಯನ್ನು ಹೇಳುತ್ತೇನೆ. ಉದ್ದನೆಯ ಹತ್ತರಿಯನ್ನು ಮಗುಚಿ ಹಾಕಿ, ಅದರ ಬ್ಲೇಡಿಗೆ ಮೋಟಾರು ಕಟ್ಟಿದ ಹಾಗೆ. ಎರಡು ಕಬ್ಬಿಣದ ಮೇಜುಗಳು, ನಡುವೆ ಒಂದು ಉರುಳೆ. ಉರುಳೆಯಲ್ಲಿ ಮೂರು ಬ್ಲೇಡು, ಅದು ತಿರುಗುವುದು ನಿಮಿಷಕ್ಕೆ ಸಾವಿರಾರು ಸುತ್ತು. ಹಲಗೆಯನ್ನು ಈಚೆಯ ಮೇಜಿನ ಮೇಲಿಟ್ಟು ಆಚೆಯ ಮೇಜಿನ ಕಡೆಗೆ ದಾಟಿಸಬೇಕು. ಈಚೆಯ ಮೇಜು ಬ್ಲೇಡಿಗಿಂತ ಎಷ್ಟು ತಗ್ಗಿನಲ್ಲಿದೆಯೋ ಅಷ್ಟು ಮರ ಕೀಸಲ್ಪಡುತ್ತದೆ. ಒಂದು ಸಲಕ್ಕೆ ಒಂದು ಮಿಲಿಮೀಟರಿಗಿಂತ ಕಡಿಮೆಯೇ ಇರಲಿ ಎಂದು ಆಚಾರ್ರ ಕಟ್ಟಪ್ಪಣೆ. ಆಚೆಯ ಮೇಜು ಮಾತ್ರ ಬ್ಲೇಡಿನ ತುದಿಯ ಮಟ್ಟಕ್ಕೆ ಸರಿಸಮನಾಗಿ ಇರಬೇಕು. ಇದ್ದರೆ ಮಾತ್ರ ಕೀಸಿದ ಅಂಚಿಗೆ ಸರಿಯಾದ ಆಸರೆ.

ಆ ಸರಿಸಮ ಎಂಬುದರಲ್ಲಿಯೇ ಯಂತ್ರದ ಗುಟ್ಟೆಲ್ಲ ಇದೆ. ಆಚೆಯ ಮೇಜು ತುಸು ತಗ್ಗಿದ್ದರೆ, ಹಲಗೆಯ ಬಾಲ ಈಚೆಯ ಮೇಜನ್ನು ಬಿಟ್ಟೊಡನೆ ಧಡಕ್ಕನೆ ಕುಸಿದು ಕೊನೆಯ ಒಂದೆರಡು ಅಂಗುಲದಲ್ಲಿ ಗುಳಿ ಬೀಳುತ್ತದೆ. ತುಸು ಎತ್ತರವಿದ್ದರೆ, ಹಲಗೆ ಮುಂದೆ ಹೋದಂತೆ ಮೇಲೇರುತ್ತ, ಮೊದಲಲ್ಲಿ ಚೆನ್ನಾಗಿ ಕಚ್ಚಿದ ಬ್ಲೇಡು ಕೊನೆಯಲ್ಲಿ ಮರವನ್ನು ಮುಟ್ಟುವುದೇ ಇಲ್ಲ. ಆಚಾರ್ರು ಮೊದಲು ಪ್ಲಗ್ಗನ್ನು ಕಿತ್ತು ನನ್ನ ಕೈಗೆ ಕೊಟ್ಟರು, “ಇದು ನಿಮ್ಮ ಕೈಲಿರೋವರೆಗೂ ನನ್ನ ಬೆರಳು ನಂದು” ಎಂದರು. ಬಳಿಕ ಗಟ್ಟಿಮರದ ನೇರವಾದ ಒಂದು ತುಂಡನ್ನು ಆಚೆಯ ಮೇಜಿನ ಮೇಲೆ, ಬ್ಲೇಡಿನ ಮೇಲಕ್ಕೆ ಚಾಚುವಂತೆ ಇಟ್ಟು, ಉರುಳೆಯನ್ನು ಕೈಯಿಂದ ಮೆಲ್ಲನೆ ತಿರುಗಿಸಿದರು. ಬ್ಲೇಡು ಆ ತುಂಡನ್ನು ಸವರಿಕೊಂಡು ಎರಡು ಮೂರು ಮಿಲಿಮೀಟರಿನಷ್ಟು ಮುಂದಕ್ಕೆ ಎಳೆದೊಯ್ದಿತು. ಮೂರು ಬ್ಲೇಡುಗಳೂ ಅಷ್ಟೇ ದೂರ ಒಯ್ದರೆ ಮಟ್ಟ ಸರಿ ಎಂದರ್ಥ.

ಯಂತ್ರ ಸರಿಯಾಗಿದ್ದರೂ ನನ್ನ ಹಲಗೆಗಳು ನೇರವಾಗಲಿಲ್ಲ. ನಾನು ಹಲಗೆಯನ್ನು ಎರಡು ಕೈಯಿಂದಲೂ ಈಚೆಯ ಮೇಜಿಗೆ ಒತ್ತಿ ಹಿಡಿದು ತಳ್ಳುತ್ತಿದ್ದೆ. ಬಲ ಹೆಚ್ಚಿದಷ್ಟೂ ಒಳ್ಳೆಯದೆಂದು ನನ್ನ ಭಾವನೆ. ಆಚಾರ್ರು ಸ್ವಿಚ್ಚು ಆರಿಸಿದರು.

“ಮೇಷ್ಟ್ರೇ, ಎಲ್ಲಿ ಒತ್ತುತಾ ಇದೀರಿ?”

“ಈಚೆ ಕಡೆ.”

“ಈಚೆ ಕಡೆ ಇರೋದು ಕೀಸದ ಅಂಚು, ಡೊಂಕು ಅಂಚು. ಅದನ್ನೇ ಒತ್ತಿದ್ರೆ ಹಳೇ ಡೊಂಕೇ ಮುಂದಕ್ಕೆ ಬರುತ್ತೆ. ಒಂದು ಗೇಣು ಆಚೆ ದಾಟಿದ ಮೇಲೆ ಭಾರ ಎಲ್ಲ ಆಚೆ ಕೈ ಮೇಲೆ ಇರ್ಲಿ. ಸರಿಯಾದ ಭಾಗ ಯಾವ್ದೋ ಅದನ್ನ ಕೂರಿಸಿ, ಉಳಿದದ್ದು ಅದರ ಹಿಂದೆ ಬರುತ್ತೆ.”

ಬಿ.ಇಡಿ. ಓದುವಾಗ ಶೈಕ್ಷಣಿಕ ಮನೋವಿಜ್ಞಾನದ ಮೂರು ಪುಸ್ತಕ ಓದಿದ್ದೇನೆ. ಈ ಮಾತನ್ನು ಇಷ್ಟು ಚೆನ್ನಾಗಿ ಹೇಳಿದ ಪುಟ ಅವುಗಳಲ್ಲಿ ಇರಲಿಲ್ಲ.

ಇನ್ನೂ ಕೆಲವು ಸಂಗತಿಗಳನ್ನು ಒಂದೊಂದಾಗಿ ಕಲಿತೆ. ಬಾಗಿದ ಹಲಗೆಯನ್ನು ಮೊದಲ ಬಾರಿ ಹಾಕುವಾಗ ತಗ್ಗಿದ ಬದಿ ಕೆಳಗೆ ಇರಬೇಕು. ಆಗ ಅದು ಎರಡು ತುದಿಗಳ ಮೇಲೆ ಅಲುಗದೆ ಕೂರುತ್ತದೆ. ಉಬ್ಬಿದ ಬದಿ ಕೆಳಗಾದರೆ ತೊಟ್ಟಿಲಿನಂತೆ ತೂಗುತ್ತದೆ. ಕೀಸುವ ಮುನ್ನ ಅಂಚಿನ ಉದ್ದಕ್ಕೂ ಪೆನ್ಸಿಲಿನಿಂದ ಗೀಚಿಡಬೇಕು. ಗೀಚಿದ್ದೆಲ್ಲ ಅಳಿಸಿ ಹೋದಾಗ ಬ್ಲೇಡು ಎಲ್ಲ ಕಡೆಯೂ ತಾಗಿದೆ ಎಂದು ತಿಳಿಯುತ್ತದೆ. ಕಿವಿಯೂ ಸಾಕ್ಷಿ ಹೇಳುತ್ತದೆ. ಮೊದಮೊದಲು ತಡೆತಡೆದು ಬರುವ ಸದ್ದು, ಅಂಚು ಸಮವಾದಾಗ ಆರಂಭದಿಂದ ಅಂತ್ಯದವರೆಗೆ ಒಂದೇ ಶ್ರುತಿಯಲ್ಲಿ ಕೇಳಿಸುತ್ತದೆ.

ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಕೋನದ ಉಪಾಯ. ಯಂತ್ರದ ಬದಿಯಲ್ಲಿ ಲಂಬವಾಗಿ ನಿಂತ ಕಬ್ಬಿಣದ ಆಸರೆಪಟ್ಟಿ ಇರುತ್ತದೆ. ಹಲಗೆಯ ಮುಖವನ್ನು ಅದಕ್ಕೆ ಒರಗಿಸಿ ತಳ್ಳಬೇಕು. ಪಟ್ಟಿ ಸರಿಯಾಗಿ 90 ಡಿಗ್ರಿಯಲ್ಲಿ ನಿಂತಿದೆಯೇ ಎಂದು ಮೂಲೆಮಟ್ಟ ಇಟ್ಟು ನೋಡುತ್ತೇವೆ. ಆದರೂ ಕಣ್ಣಿಗೆ ಕಾಣದ ಅರ್ಧ ಡಿಗ್ರಿ ತಪ್ಪು ಉಳಿದೀತು. ಹಾಗಾಗಿ ಕೂಡಬೇಕಾದ ಎರಡು ಅಂಚುಗಳಲ್ಲಿ ಒಂದನ್ನು ಹಲಗೆಯ ಮೇಲ್ಮುಖ ಪಟ್ಟಿಗೆ ತಾಗುವಂತೆಯೂ ಇನ್ನೊಂದನ್ನು ಮೇಲ್ಮುಖ ಹೊರಗೆ ಕಾಣುವಂತೆಯೂ ಕೀಸಬೇಕು. ಆಗ ಒಂದು ಅಂಚು 90ಕ್ಕಿಂತ ಅರ್ಧ ಡಿಗ್ರಿ ಹೆಚ್ಚಾದರೆ ಇನ್ನೊಂದು ಅಷ್ಟೇ ಕಡಿಮೆಯಾಗುತ್ತದೆ. ಕೂಡಿಸಿದರೆ 180. ಮೇಜಿನ ಮೇಲ್ಮೈ ಸಮತಟ್ಟು! ಪೂರಕ, ಪರಿಪೂರಕ ಕೋನಗಳನ್ನು ನಾನು ಎಷ್ಟು ವರ್ಷ ಹೇಳಿಕೊಟ್ಟೆನೋ ಲೆಕ್ಕವಿಲ್ಲ. ಅವು ಯಾರದಾದರೂ ಮನೆಯ ಮೇಜನ್ನು ಸಮ ಮಾಡಿದ್ದನ್ನು ಕಂಡದ್ದು ಅಂದೇ ಮೊದಲು.

ಇಷ್ಟೆಲ್ಲ ಕಲಿಸಿ ಆಚಾರ್ರು ಒಂದು ದೇವಸ್ಥಾನದ ಬಾಗಿಲ ಕೆಲಸಕ್ಕೆಂದು ಒಂದೂವರೆ ತಿಂಗಳು ಪರಸ್ಥಳಕ್ಕೆ ಹೋದರು. ಶೆಡ್ಡಿನ ಬೀಗದ ಕೈ ನನಗೆ ಕೊಟ್ಟು ಹೋದರು. ನನ್ನ ನಿಜವಾದ ಕಥೆ ಇಲ್ಲಿಂದ ಆರಂಭ.

ನಾನು ನಿವೃತ್ತನಾದಾಗ ಶಾಲೆಯವರು ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲದೊಂದಿಗೆ ಇನ್ನೊಂದು ವಸ್ತುವನ್ನೂ ಕೊಟ್ಟಿದ್ದರು. ಕರಿಹಲಗೆಯ ಮೇಲೆ ಗೆರೆ ಎಳೆಯಲು ನಾನು ಬಳಸುತ್ತಿದ್ದ ಒಂದು ಮೀಟರಿನ ಮರದ ಸ್ಕೇಲು. ಆ ಸ್ಕೇಲು ನಿಮಗೆಲ್ಲ ಗೊತ್ತು. ಕೆಲವರಿಗೆ ಅಂಗೈಯ ಮೂಲಕವೂ ಗೊತ್ತು. ಹೊಸ ಸ್ಕೇಲು ಬಂದಿದೆ, ಇದು ನಿಮ್ಮ ನೆನಪಿಗೆ ಇರಲಿ ಎಂದು ಸಹೋದ್ಯೋಗಿಗಳು ಪ್ರೀತಿಯಿಂದ ಕೊಟ್ಟರು. ಮರಗೆಲಸಕ್ಕೆ ತೊಡಗಿದಾಗ ಅದನ್ನೇ ನಾನು ನೇರವನ್ನು ಪರೀಕ್ಷಿಸುವ ಸಾಧನವಾಗಿ ಇಟ್ಟುಕೊಂಡೆ. ಅದಕ್ಕಿಂತ ನಂಬಿಕೆಯ ವಸ್ತು ನನಗೆ ಇನ್ನಾವುದಿತ್ತು?

ಯಂತ್ರದಿಂದ ಬಂದ ಅಂಚಿನ ಮೇಲೆ ಸ್ಕೇಲಿಟ್ಟು ಕಿಟಕಿಯ ಕಡೆಗೆ ಹಿಡಿದು ನೋಡಿದೆ. ಎರಡು ತುದಿ ತಾಗಿತ್ತು. ನಡುವೆ ಸಣ್ಣ ಬೆಳಕು. ಹಾಗಾದರೆ ಹಲಗೆಯ ನಡುಭಾಗ ತಗ್ಗಾಗಿದೆ ಎಂದು ನಿರ್ಣಯಿಸಿದೆ. ನಡುಭಾಗ ತಗ್ಗಾಗಿದ್ದರೆ ತುದಿಗಳನ್ನು ಇಳಿಸಬೇಕು. ಉದ್ದನೆಯ ಹತ್ತರಿ ಹಿಡಿದು ಎರಡು ತುದಿಗಳನ್ನು ಮೆಲ್ಲಗೆ ಕೀಸಿ, ಸ್ಕೇಲಿಗೆ ಬೆಳಕೇ ಕಾಣದಂತೆ ಹೊಂದಿಸಿದೆ. ಎರಡನೆಯ ಹಲಗೆಗೂ ಹಾಗೆಯೇ ಮಾಡಿದೆ. ಬಳಿಕ ಎರಡನ್ನೂ ಅಂಚಿಗೆ ಅಂಚು ಸೇರಿಸಿದರೆ ನಡುವೆ ತಾಗುತ್ತವೆ, ಎರಡು ತುದಿಗಳಲ್ಲಿಯೂ ಎರಡು ಮಿಲಿಮೀಟರಿಗೂ ಹೆಚ್ಚು ಸಂದು! ಒಂದು ತುದಿಯನ್ನು ಒತ್ತಿ ಮುಚ್ಚಿದರೆ ಇನ್ನೊಂದು ತುದಿ ಬಾಯಿ ಬಿಡುತ್ತದೆ.

ಮತ್ತೆ ಯಂತ್ರ, ಮತ್ತೆ ಸ್ಕೇಲು, ಮತ್ತೆ ಹತ್ತರಿ, ಮತ್ತೆ ಸಂದು. ನಾಲ್ಕು ಭಾನುವಾರ ಇದೇ ಆಯಿತು. ಮೊದಲು ಯಂತ್ರದ ಮೇಜು ಬಾಗಿದೆ ಎಂದುಕೊಂಡೆ. ಆಮೇಲೆ ಬ್ಲೇಡು ಮೊಂಡಾಗಿದೆ ಎಂದುಕೊಂಡೆ. ಹಲಸಿನ ಹೆಣೆದ ಎಳೆಯನ್ನು ದೂರಿದೆ. ನಮ್ಮ ಮಲೆನಾಡಿನ ತೇವವನ್ನು ದೂರಿದೆ. ಕ್ಲಾಂಪು ಹಾಕಿ ಬಿಗಿದರೆ ಸಂದು ಮುಚ್ಚೀತೆಂದು ಫೆವಿಕಾಲ್ ಹಚ್ಚಿ ಬಲವಂತವಾಗಿ ಬಿಗಿದೆ. ಅಂಟು ಒಣಗಿ ಕ್ಲಾಂಪು ಬಿಚ್ಚಿದ ಮೂರನೆಯ ದಿನ ತುದಿಯಿಂದ ಆರಂಭವಾಗಿ ಒಂದು ಗೇಣು ಕೀಲು ಸೀಳಿತು. ಅಂಟಿಗಿಂತ ಮರ ಸೋತು, ಒಂದು ಹಲಗೆಯ ಅಂಚಿನ ಚಕ್ಕೆಯೇ ಕಿತ್ತು ಬಂತು. ಆ ಹಲಗೆ ಕೆಲಸಕ್ಕೆ ಬಾರದಂತಾಯಿತು. ಉಳಿದವು ನಾಲ್ಕು. ಕೀಸಿ ಕೀಸಿ ಐದಂಗುಲದ ಹಲಗೆಗಳು ನಾಲ್ಕೂಕಾಲು ಅಂಗುಲಕ್ಕೆ ಇಳಿದವು. ಇಪ್ಪತ್ತು ಅಂಗುಲದ ಮೇಜು ಹದಿನೇಳಕ್ಕೆ ಬಂದು ನಿಂತಿತು. ನಮ್ಮ ತಂದೆಯವರ ಮರ ನನ್ನ ಕಾಲ ಕೆಳಗೆ ಹೊಟ್ಟಾಗಿ ಬಿದ್ದಿತ್ತು. ಅಂಗಡಿಯಲ್ಲಿ ಇನ್ನೊಂದು ಹಲಗೆ ಕೊಳ್ಳಬಹುದು. ಆದರೆ ಆ ಮರದ ಹಲಗೆ ಲೋಕದಲ್ಲಿ ಇನ್ನೆಲ್ಲಿಯೂ ಇರಲಿಲ್ಲ.

ಆಚಾರ್ರು ಹಿಂತಿರುಗಿದರು. ನಾನು ನನ್ನ ಅಹವಾಲನ್ನೆಲ್ಲ ಒಪ್ಪಿಸಿದೆ. ಅವರು ಯಂತ್ರವನ್ನು ನೋಡಲಿಲ್ಲ, ಹಲಗೆಯನ್ನೂ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಸ್ಕೇಲನ್ನು ಎತ್ತಿಕೊಂಡು, ಒಂದು ಕಣ್ಣು ಮುಚ್ಚಿ, ತುದಿಯಿಂದ ಅದರ ಉದ್ದಕ್ಕೂ ದಿಟ್ಟಿಸಿದರು. ಬಳಿಕ ಒಂದು ಪ್ಲೈವುಡ್ಡಿನ ಮೇಲೆ ಪೆನ್ಸಿಲಿನಿಂದ ಎರಡು ಚುಕ್ಕೆ ಇಟ್ಟು, ಸ್ಕೇಲಿನ ಅಂಚಿಗೆ ಹೊಂದಿಸಿ ಗೆರೆ ಎಳೆದರು. ಸ್ಕೇಲನ್ನು ಗೆರೆಯ ಆಚೆ ಬದಿಗೆ ಮಗುಚಿ, ಅದೇ ಅಂಚಿನಿಂದ ಅವೇ ಎರಡು ಚುಕ್ಕೆಗಳನ್ನು ಸೇರಿಸಿ ಮತ್ತೊಂದು ಗೆರೆ ಎಳೆದರು. ತುದಿಗಳಲ್ಲಿ ಕೂಡಿದ ಆ ಎರಡು ಗೆರೆಗಳು ನಡುವೆ ಮೂರು ಮಿಲಿಮೀಟರಿನಷ್ಟು ಬೇರೆಯಾಗಿ, ಸಣಕಲು ಬಾಳೆಲೆಯ ಹಾಗೆ ಕಂಡವು.

“ಎರಡು ಗೆರೆ ಬಂತು ನೋಡಿ, ಮೇಷ್ಟ್ರೇ.”

ತರ್ಕ ಸರಳ. ಮಗುಚಿದಾಗ ತಪ್ಪು ಎದುರು ದಿಕ್ಕಿಗೆ ತಿರುಗಿ, ಇದ್ದದ್ದರ ಇಮ್ಮಡಿಯಾಗಿ ಕಾಣುತ್ತದೆ. ಸ್ಕೇಲು ನಡುವೆ ಒಂದೂವರೆ ಮಿಲಿಮೀಟರು ತಗ್ಗಿತ್ತು. ವರ್ಷಗಟ್ಟಲೆ ಗೋಡೆಯ ಮೂಲೆಗೆ ಒರಗಿ ನಿಂತು ಬಾಗಿತ್ತೋ, ಸುಣ್ಣದಕಡ್ಡಿ ಉಜ್ಜಿ ಸವೆದಿತ್ತೋ. ಯಂತ್ರ ಪ್ರತಿ ಸಲವೂ ನೇರವಾದ ಅಂಚನ್ನೇ ಕೊಟ್ಟಿತ್ತು. ಸರಿಯಾದದ್ದನ್ನು ತಪ್ಪೆಂದು ತಿಳಿದು, ನನ್ನ ಡೊಂಕು ಸ್ಕೇಲಿಗೆ ಹೊಂದುವವರೆಗೆ ಕೀಸಿ ಕೀಸಿ ಕೆಡಿಸಿದವನು ನಾನೇ.

ಆದರೆ ನನ್ನನ್ನು ಅಲ್ಲಿಯೇ ಮರದ ದಿಮ್ಮಿಯ ಮೇಲೆ ಕುಳ್ಳಿರಿಸಿದ್ದು ಈ ಲೆಕ್ಕವಲ್ಲ. ಆ ಮಾತು. “ಎರಡು ಗೆರೆ ಬಂತು.” ಇದನ್ನು ನಾನು ಮೊದಲೂ ಕೇಳಿದ್ದೆ.

1994ನೆಯ ಇಸವಿ, ಎಂಟನೆಯ ತರಗತಿ. ಎರಡು ಬಿಂದುಗಳ ಮೂಲಕ ಒಂದೇ ಒಂದು ಸರಳರೇಖೆಯನ್ನು ಎಳೆಯಬಹುದು ಎಂಬ ಪಾಠ. ಕರಿಹಲಗೆಯ ಮೇಲೆ ‘ಅ’ ಮತ್ತು ‘ಬ’ ಎಂದು ಎರಡು ಬಿಂದು ಇಟ್ಟು, ಕೊನೆಯ ಬೆಂಚಿನ ಒಬ್ಬ ಹುಡುಗನನ್ನು ಕರೆದೆ. ಅವನ ತಂದೆ ಬಡಗಿ ಕೆಲಸ ಮಾಡುತ್ತಿದ್ದರೆಂದು ನನಗೆ ಗೊತ್ತಿತ್ತು. ಅವನು ನನ್ನ ಕೈಯಿಂದ ಸ್ಕೇಲು ತೆಗೆದುಕೊಂಡು, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದ. ತರಗತಿ ನಕ್ಕಿತು. ಬಂದೂಕು ಗುರಿ ಹಿಡಿದ ಹಾಗೆ ಕೋಡಂಗಿಯಾಟ ಆಡುತ್ತಿದ್ದಾನೆಂದು ನಾನು ತಿಳಿದೆ. ಅವನು ಗೆರೆ ಎಳೆದ. ಆಮೇಲೆ ಯಾರೂ ಹೇಳದೆಯೇ ಸ್ಕೇಲನ್ನು ಮಗುಚಿ ಇನ್ನೊಂದು ಗೆರೆ ಎಳೆದ. ನನ್ನ ಕಡೆಗೆ ತಿರುಗಿ, “ಸಾರ್, ಎರಡು ಗೆರೆ ಬಂತು” ಎಂದ.

ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಕ್ಷಣ ದೊರೆಯುವುದುಂಟೇ? ಎರಡು ಬಿಂದುಗಳ ನಡುವೆ ಎರಡು ಗೆರೆ ಬಂದರೆ ಅವುಗಳಲ್ಲಿ ಒಂದಾದರೂ ಸರಳರೇಖೆ ಅಲ್ಲ. ಎರಡೂ ಒಂದೇ ಅಂಚಿನಿಂದ ಬಂದವಾದರೆ ಎರಡೂ ಅಲ್ಲ. ಹಾಗಾದರೆ ತಪ್ಪು ಎಲ್ಲಿದೆ? ಈ ಪ್ರಶ್ನೆಯನ್ನು ಹಿಡಿದು ಒಂದು ವಾರ ಪಾಠ ಮಾಡಬಹುದಿತ್ತು. ನಾನು ಮಾಡಿದ್ದೇನು? “ಕುಣಿಯಲಾರದವಳು ನೆಲ ಡೊಂಕು ಎಂದಳಂತೆ” ಎಂದು ಗಾದೆ ಹೇಳಿದೆ. ತರಗತಿ ಮತ್ತೊಮ್ಮೆ ನಕ್ಕಿತು. ಅವನ ಅಂಗೈ ಚಾಚಿಸಿ ಅದೇ ಸ್ಕೇಲಿನಿಂದ ಎರಡು ಪೆಟ್ಟು ಕೊಟ್ಟೆ. ಗೆರೆಗಳನ್ನು ಅಳಿಸಿ, ನಾನೇ ಒಂದು ಗೆರೆ ಎಳೆದು, “ಇದು ಸರಳರೇಖೆ” ಎಂದೆ.

ಆ ಸಲ ನೆಲ ನಿಜವಾಗಿಯೂ ಡೊಂಕಿತ್ತು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿತು. ಅದಕ್ಕೂ ಮುಂಚೆಯೇ ನಾನಾಗಿ ಹೊಡೆಯುವುದನ್ನು ಬಿಟ್ಟಿದ್ದೆ ಎಂದು ಹೇಳಿಕೊಳ್ಳುವ ಹಾಗಿಲ್ಲ. ಅಂದಿನ ಕಾಲವೇ ಹಾಗಿತ್ತು, ಹೊಡೆದರೆ ವಿದ್ಯೆ ಹತ್ತುತ್ತದೆಂದು ತಂದೆತಾಯಿಗಳೇ ಹೇಳುತ್ತಿದ್ದರು ಎಂಬ ಸಮಜಾಯಿಷಿ ನನ್ನ ಬಳಿಯೂ ಇದೆ. ಅದನ್ನು ಇಲ್ಲಿ ಬಳಸುವುದಿಲ್ಲ. ಪೆಟ್ಟಿಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು. ಆ ಸ್ಕೇಲನ್ನು ಒಮ್ಮೆ ಮಗುಚಿ ನೋಡಲು ನನಗೆ ಬೇಕಾಗಿದ್ದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷ ನನಗೆ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ಸಿಗಲಿಲ್ಲ.

ಅಂದು ಸಂಜೆ ಆಚಾರ್ರಿಗೆ ಇದನ್ನೆಲ್ಲ ಹೇಳಿದೆ. ಅವರು ಸಮಾಧಾನವನ್ನೇನೂ ಹೇಳಲಿಲ್ಲ. “ಬಡಗಿ ಮನೆ ಮಕ್ಕಳಿಗೆ ಅದೊಂದು ಅಭ್ಯಾಸ ಮೇಷ್ಟ್ರೇ, ಯಾವ ಕೋಲು ಕೈಗೆ ಬಂದ್ರೂ ಮೊದ್ಲು ಕಣ್ಣು ಹಾಕಿ ನೋಡೋದು” ಎಂದಷ್ಟೇ ಹೇಳಿ, “ನಾಳೆ ನಿಮ್ಮ ನಾಲ್ಕು ಹಲಗೆ ತಗೊಂಡು ಬನ್ನಿ, ಸ್ಕೇಲು ಮನೇಲಿರ್ಲಿ” ಎಂದರು.

ಸ್ಕೇಲಿಲ್ಲದೆ ನೇರವನ್ನು ಪರೀಕ್ಷಿಸುವುದು ಹೇಗೆ? ಮರುದಿನ ಯಂತ್ರದಿಂದ ಬಂದ ಮೂರು ಹಲಗೆಗಳನ್ನು ಅವರು ಒಂದಕ್ಕೊಂದು ಹಿಡಿದು ತೋರಿಸಿದರು. ಎರಡು ಅಂಚುಗಳು ಒಂದಕ್ಕೊಂದು ಬೆಳಕಿಲ್ಲದಂತೆ ಹೊಂದಿದ ಮಾತ್ರಕ್ಕೆ ಎರಡೂ ನೇರ ಎನ್ನುವಂತಿಲ್ಲ. ಒಂದು ಉಬ್ಬಾಗಿ ಇನ್ನೊಂದು ಅಷ್ಟೇ ತಗ್ಗಾಗಿದ್ದರೂ ಅವು ಹೊಂದುತ್ತವೆ. ನಾನೂ ನನ್ನ ಸ್ಕೇಲೂ ಹಾಗೆಯೇ ಹೊಂದಿಕೊಂಡಿದ್ದೆವಲ್ಲ! ಆದ್ದರಿಂದ ಮೂರನೆಯದೊಂದು ಬೇಕು. ಮೊದಲನೆಯದು ಉಬ್ಬಾಗಿದ್ದರೆ ಅದಕ್ಕೆ ಹೊಂದಿದ ಎರಡನೆಯದು ತಗ್ಗು. ಎರಡನೆಯದಕ್ಕೆ ಹೊಂದಿದ ಮೂರನೆಯದು ಉಬ್ಬು. ಈಗ ಮೂರನೆಯದನ್ನು ಮೊದಲನೆಯದಕ್ಕೆ ಹಿಡಿದರೆ ಉಬ್ಬಿಗೆ ಉಬ್ಬು ಎದುರಾಗಿ ಗುಟ್ಟು ಬಯಲಾಗುತ್ತದೆ. ಮೂರೂ ಪರಸ್ಪರ ಹೊಂದಿದರೆ ಮಾತ್ರ ಮೂರೂ ನೇರ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ 1840ರಲ್ಲಿ ಗ್ಲಾಸ್ಗೋದಲ್ಲಿ ನಡೆದ ವಿಜ್ಞಾನಿಗಳ ಸಭೆಯಲ್ಲಿ ನಿಜವಾದ ಸಮತಲವನ್ನು ಪಡೆಯುವ ಬಗೆಯ ಮೇಲೆ ಪ್ರಬಂಧ ಓದಿದ. ಮೂರು ಲೋಹದ ಫಲಕಗಳನ್ನು ಒಂದಕ್ಕೊಂದು ಹೋಲಿಸಿ ಸಮ ಮಾಡುವ ಈ ಕ್ರಮ ಅವನ ಹೆಸರಿನೊಂದಿಗೇ ಸೇರಿಕೊಂಡಿದೆ. ಯೂಕ್ಲಿಡನು ತನ್ನ ಗ್ರಂಥದ ಮೊದಲ ಪುಟದಲ್ಲಿಯೇ ಸರಳರೇಖೆಗೆ ಲಕ್ಷಣ ಹೇಳಿದ್ದಾನೆ. ಆದರೆ ಅದನ್ನು ಎಳೆಯುವ ಪಟ್ಟಿ ಎಲ್ಲಿಂದ ಬರಬೇಕೆಂದು ಹೇಳಿಲ್ಲ. ಆ ಪ್ರಶ್ನೆಗೆ ಉತ್ತರ ನಮ್ಮ ಬೀದಿಯ ಕೊನೆಯ ಶೆಡ್ಡಿನಲ್ಲಿ ಇಷ್ಟು ದಿನ ಇತ್ತು.

ನಾಲ್ಕು ಹಲಗೆಗಳು ಆ ದಿನವೇ ಕೂಡಿದವು. ಕ್ಲಾಂಪನ್ನು ಬಿಗಿಯುವ ಮೊದಲೇ ಕೈಯ ಒತ್ತಡಕ್ಕೆ ಸಂದು ಮುಚ್ಚಿತ್ತು. ಕೂಡುವ ಅಂಚುಗಳನ್ನು ಬಲಾತ್ಕಾರದಿಂದ ಒಂದು ಮಾಡಬೇಕಾಗಿಲ್ಲ, ಬಲಾತ್ಕಾರ ಬೇಕಾಯಿತೆಂದರೆ ಎಲ್ಲೋ ಕೀಸುವುದು ಬಾಕಿ ಇದೆ ಎಂದು ಆಚಾರ್ರು ಹೇಳಿದರು.

ಆ ಹುಡುಗನನ್ನು 1994ರ ತಂಡದ ಇನ್ನೊಬ್ಬ ವಿದ್ಯಾರ್ಥಿಯ ಮೂಲಕ ಹುಡುಕಿದೆ. ಬೇರೆ ಊರಿನಲ್ಲಿ ಸ್ವಂತ ವ್ಯವಹಾರ ಮಾಡಿಕೊಂಡು ಚೆನ್ನಾಗಿದ್ದಾನೆ. ತಂದೆಯ ಕಸುಬಿಗೆ ಹೋಗಲಿಲ್ಲವಂತೆ. ಫೋನಿನಲ್ಲಿ ನನ್ನ ದನಿ ಕೇಳಿ ಎದ್ದು ನಿಂತೇ ಮಾತನಾಡಿದನೆಂದು ಕಾಣುತ್ತದೆ, ಕುರ್ಚಿ ಸರಿದ ಸದ್ದು ಕೇಳಿಸಿತು. ನಾನು ನಡೆದುದನ್ನೆಲ್ಲ ಹೇಳಿ, ಸ್ಕೇಲು ಡೊಂಕಾಗಿತ್ತು, ನೀನು ಹೇಳಿದ್ದು ಸರಿ, ನನ್ನದು ತಪ್ಪು ಎಂದೆ.

ಸ್ವಲ್ಪ ಹೊತ್ತು ಅವನು ಮಾತನಾಡಲಿಲ್ಲ. ಆಮೇಲೆ ನಕ್ಕು ಹೇಳಿದ: “ಪೆಟ್ಟು ತಿಂದದ್ದು ನೆನಪಿದೆ ಸಾರ್. ಯಾತಕ್ಕೆ ಅಂತ ನೆನಪಿರಲಿಲ್ಲ.”

ಇನ್ನೂ ಒಂದು ಮಾತು ಹೇಳಿದ. “ಆಮೇಲೆ ನಾನು ಬೋರ್ಡಿನ ಹತ್ರ ಬರಲಿಲ್ಲ ಅಲ್ವಾ ಸಾರ್.” ಅದನ್ನು ಅವನು ಆಕ್ಷೇಪಣೆಯಾಗಿ ಹೇಳಲಿಲ್ಲ, ಇಬ್ಬರಿಗೂ ಗೊತ್ತಿರುವ ಹಳೆಯ ವಿಷಯವೊಂದನ್ನು ಜ್ಞಾಪಿಸುವಂತೆ ಹೇಳಿದ. ನನಗೆ ಮಾತ್ರ ಅದು ಗೊತ್ತಿರಲಿಲ್ಲ. ಹತ್ತನೆಯ ತರಗತಿಯವರೆಗೆ ಅವನು ನನ್ನ ಮುಂದೆಯೇ ಕುಳಿತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಪಾಸಾದದ್ದೇ ದೊಡ್ಡದು ಎಂಬಷ್ಟು ಅಂಕ. “ಇವನಿಗೆ ಗಣಿತ ತಲೆಗೆ ಹತ್ತುವುದಿಲ್ಲ” ಎಂದು ಸಿಬ್ಬಂದಿ ಕೊಠಡಿಯಲ್ಲಿ ನಾನೇ ಹೇಳಿದ್ದೇನೆ. ಯಾವ ಸ್ಕೇಲಿನಿಂದ ಅಳೆದು ಹೇಳಿದ್ದೆನೋ!

ಇದನ್ನು ಬರೆಯಲೇ ಎಂದು ಕೇಳಿದೆ. “ಬರೀರಿ ಸಾರ್, ಹೆಸರು ಮಾತ್ರ ಬೇಡ” ಎಂದ. ಹಾಗಾಗಿ ಹೆಸರಿಲ್ಲ. ಅಂದು ನಕ್ಕ ಅವನ ಸಹಪಾಠಿಗಳು ಕೆಲವರು ಇದನ್ನು ಓದುವಿರಿ. ನಗಿಸಿದವನು ನಾನು, ನಿಮ್ಮ ತಪ್ಪೇನೂ ಇಲ್ಲ.

ಮೇಜು ಈಗ ಮೊಮ್ಮಗಳ ಕೋಣೆಯಲ್ಲಿದೆ. ಹದಿನೇಳು ಅಂಗುಲ ಅಗಲ, ಮೂರು ಅಂಗುಲ ನನ್ನ ಗುರುದಕ್ಷಿಣೆ. ಹಲಸಿನ ಹಳದಿ ಬಣ್ಣ ವರ್ಷದಿಂದ ವರ್ಷಕ್ಕೆ ಕಂದಿಗೆ ತಿರುಗುತ್ತಿದೆ. ಸ್ಕೇಲನ್ನು ಯಂತ್ರದ ಮೇಲೆ ಎರಡು ಸಲ ಓಡಿಸಿ ನೇರ ಮಾಡಿಕೊಡುತ್ತೇನೆಂದು ಆಚಾರ್ರು ಹೇಳಿದರು. ಅಂಕಿಗಳಿಲ್ಲದ ಬದಿಯನ್ನು ಮಾತ್ರ ಮಾಡಿಸಿದೆ. ಅಂಕಿಗಳಿರುವ ಡೊಂಕು ಅಂಚು ಹಾಗೆಯೇ ಇರಲಿ ಎಂದೆ. ನನ್ನ ಬರೆಯುವ ಕುರ್ಚಿಯ ಎದುರಿನ ಗೋಡೆಗೆ, ಆ ಅಂಚು ಕಾಣುವಂತೆ ಅದನ್ನು ತೂಗುಹಾಕಿದ್ದೇನೆ.

ನಿಮ್ಮಲ್ಲಿ ಹಲವರು ಈಗ ಮೇಷ್ಟ್ರುಗಳಾಗಿದ್ದೀರಿ, ಎಲ್ಲರೂ ತಂದೆತಾಯಿಗಳಾಗಿದ್ದೀರಿ. ನಿಮ್ಮ ಹಳೆಯ ಮೇಷ್ಟ್ರು ತಡವಾಗಿ ಕಲಿತ ಪಾಠದ ಮನೆಗೆಲಸ ಇಷ್ಟೇ: ಇಂದು ಸಂಜೆ ಮನೆಯಲ್ಲಿರುವ ಸ್ಕೇಲನ್ನು ತೆಗೆದುಕೊಂಡು, ಎರಡು ಚುಕ್ಕೆ ಇಟ್ಟು, ಒಂದು ಗೆರೆ ಎಳೆಯಿರಿ. ಆಮೇಲೆ ಅದನ್ನು ಮಗುಚಿ ಇನ್ನೊಂದು ಎಳೆಯಿರಿ. ಮಗುವನ್ನು ಹತ್ತಿರ ಕೂರಿಸಿಕೊಂಡು ಮಾಡಿದರೆ ಇನ್ನೂ ಒಳ್ಳೆಯದು. ಎಷ್ಟು ಗೆರೆ ಬಂತೆಂದು ಮಗುವೇ ಹೇಳಲಿ.